ಕಾಫಿ ಪುಡಿ ಅಂಗಡಿಗೆ ದಪ್ಪ ಓರೆ ಅಕ್ಷರದ ಬೋರ್ಡು: ಮಾಡಿಸುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ನಮ್ಮ ಚಿಕ್ಕಪ್ಪ ಕಾಫಿ ಪುಡಿ ಅಂಗಡಿ ತೆರೆದಾಗ ಬೋರ್ಡಿನಲ್ಲಿ ‘ಕಾಫಿ’ ಹೋಗಿ ‘ಕಾಪಿ’ ಆಗಿತ್ತು. ಟೈಪ್ ಮಾಡಿದ್ದು ಸರಿಯಾಗೇ ಇತ್ತು. ಅಕ್ಷರವನ್ನು ದಪ್ಪ ಮಾಡಿ ಓರೆ ಮಾಡಿದ ಮೇಲೆ ‘ಫ’ದ ಹೊಟ್ಟೆ ಸೀಳು ಮುಚ್ಚಿಹೋಗಿತ್ತು. ರಸ್ತೆಯ ಆಚೆ ನಿಂತವರಿಗೆ ಅದು ಬರೀ ‘ಪ’. ಇಂಥ ಬೋರ್ಡು ಮಾಡಿಸುವವರು ಮೊದಲು ನೋಡಬೇಕಾದ್ದು ಆ ಸೀಳನ್ನೇ.

ದಪ್ಪ ಓರೆ ಅಕ್ಷರಕ್ಕೆ ಡಿಸೈನ್ ಮಾಡುವವರು ಬೋಲ್ಡ್ ಇಟಾಲಿಕ್ ಅನ್ನುತ್ತಾರೆ. ಇಂಗ್ಲಿಷ್ ಅಕ್ಷರದ ತುದಿಗಳಲ್ಲಿ ಸಣ್ಣ ಅಡ್ಡಗೆರೆ ಇಲ್ಲದಿದ್ದರೆ ಅದು ಸ್ಯಾನ್ಸ್ ಸೆರಿಫ್. ಓರೆ ಅಚ್ಚು ಹುಟ್ಟಿದ್ದು 1500ರ ಸುಮಾರಿಗೆ ವೆನಿಸ್‌ನಲ್ಲಿ, ಅಲ್ಲಿನ ಕೈಬರಹ ನೋಡಿಕೊಂಡು. ಕನ್ನಡದ ಅಚ್ಚಿಗೆ ಆ ರೂಢಿ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಅನ್ನುವ ಎರಡು ಫಾಂಟುಗಳಲ್ಲೂ ಇಟಾಲಿಕ್ ಇಲ್ಲ. ಕಂಪ್ಯೂಟರಿನಲ್ಲಿ ಇಟಾಲಿಕ್ ಒತ್ತಿದರೆ ಬರುವುದು ನೆಟ್ಟಗಿನ ಅಕ್ಷರವನ್ನೇ ಪಕ್ಕಕ್ಕೆ ಎಳೆದ ರೂಪ. ಅದನ್ನು ಹಾಗೇ ಬಿಡಬಾರದು, ಕೈಯಾಡಿಸಿ ತಿದ್ದಬೇಕು.

ಮೊದಲು ಕನ್ನಡದ ಹೆಸರು ಕೂರಿಸಿ. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ಬೋರ್ಡಿನ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅನೇಕ್ ಕನ್ನಡ ಉಚಿತ. ಅದರಲ್ಲಿ ಬೋಲ್ಡ್ ಸಾಕು, ಎಕ್ಸ್‌ಟ್ರಾ ಬೋಲ್ಡ್ ಬೇಡ. ಇಂಗ್ಲಿಷಿಗೆ ಮಾಂಟ್ಸೆರಾಟ್ ಅನ್ನುವ ಸ್ಯಾನ್ಸ್ ಸೆರಿಫ್ ಫಾಂಟಿನ ಬೋಲ್ಡ್ ಇಟಾಲಿಕ್ ಚೆನ್ನಾಗಿ ಹೊಂದುತ್ತದೆ.

ಆಮೇಲೆ ಕೋರೆಲ್ ಡ್ರಾ ಅಥವಾ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಕರ್ವ್ ಮಾಡಿಸಿ (ಅಂದರೆ ತಿದ್ದಲು ಬರುವ ಗೆರೆಗಳಾಗಿ ಬದಲಿಸಿ), 8ರಿಂದ 10 ಡಿಗ್ರಿ ಓರೆ ಮಾಡಿಸಿ. 10 ಡಿಗ್ರಿಗೆ ಒಂದು ಅಡಿ ಎತ್ತರದ ಅಕ್ಷರದ ತಲೆ ಎರಡು ಇಂಚು ಬಲಕ್ಕೆ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಅಕ್ಷರ ಓಡಿದ ಹಾಗಲ್ಲ, ಬಿದ್ದ ಹಾಗೆ ಕಾಣುತ್ತದೆ.

ನಿಜವಾದ ಕೆಲಸ ಇಲ್ಲಿಂದ ಶುರು. ಕನ್ನಡದ ಅಕ್ಷರವೆಲ್ಲ ದುಂಡು, ಅಲ್ವಾ? ದುಂಡನ್ನು ಓರೆ ಮಾಡಿದರೆ ಬಲ ಮೇಲ್ತುದಿ, ಎಡ ಕೆಳತುದಿ ದಪ್ಪಗಾಗುತ್ತವೆ. ಉಳಿದೆರಡು ಮೂಲೆ ಸಣಕಲಾಗುತ್ತವೆ. ಒಂದೊಂದೇ ಅಕ್ಷರ ಹಿಡಿದು ಗೆರೆಯ ದಪ್ಪ ಸಮ ಮಾಡಿಸಿ. ಒತ್ತಕ್ಷರ ಎಡಕ್ಕೆ ಜಾರಿರುತ್ತದೆ. ‘ಚಿಕ್ಕಮಗಳೂರು’ ಬರೆಸಿದರೆ ಕ-ಒತ್ತು ಹಿಂದಿನ ‘ಚಿ’ ಕಡೆಗೆ ಸರಿದದ್ದು ಕಾಣುತ್ತದೆ. ಅದನ್ನು ಕೂದಲೆಳೆಯಷ್ಟು ಬಲಕ್ಕೆ ತನ್ನಿ. ಫ, ಧ, ಭ, ಢ ಇದ್ದರೆ ಸೀಳನ್ನು ಅಗಲ ಮಾಡಿಸಿ. ಒಳಗೆ ಎಲ್‌ಇಡಿ ಹಾಕಿಸುವುದಾದರೆ ಇನ್ನೂ ಅಗಲ ಬೇಕು, ಬೆಳಕು ಹರಡಿ ಸೀಳನ್ನು ನುಂಗುತ್ತದೆ.

ವಿಳಾಸ, ಫೋನ್ ನಂಬರ್ ನೆಟ್ಟಗೇ ಇರಲಿ. ಹೆಸರಿಗೆ ಮಾತ್ರ ಓರೆ.

ಕತ್ತರಿಸಲು ಕೊಡುವ ಮೊದಲು ಹೆಸರನ್ನು ಕಾಗದದಲ್ಲಿ ನಿಜವಾದ ಅಳತೆಗೆ ಪ್ರಿಂಟ್ ತೆಗೆಸಿ, ಅಂಗಡಿ ಮುಂದೆ ಅಂಟಿಸಿ, ರಸ್ತೆ ದಾಟಿ ನಿಂತು ನೋಡಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ ಅನ್ನುವುದು ಬೋರ್ಡಿನವರ ಲೆಕ್ಕ. ನಮ್ಮಲ್ಲಿ ಮಳೆಗಾಲದ ಸಂಜೆ ಮಬ್ಬು ಜಾಸ್ತಿ, ಹಾಗಾಗಿ ನಾನು ಅದಕ್ಕೆ ಇನ್ನರ್ಧ ಸೇರಿಸುತ್ತೇನೆ. ಸುಮ್ನೆ ಮಧ್ಯಾಹ್ನದ ಬಿಸಿಲಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಸಂಜೆ ಆರೂವರೆಗೆ ನೋಡಿ. ಅಂಗಡಿಯ ಹೆಸರು ಗೊತ್ತಿಲ್ಲದ ಒಬ್ಬರನ್ನು ನಿಲ್ಲಿಸಿ ಓದಿಸಿ.

ಚಿಕ್ಕಪ್ಪನ ಬೋರ್ಡಿನಲ್ಲಿ ಕೊನೆಗೆ ‘ಫಿ’ ಒಂದನ್ನೇ ಕಿತ್ತು, ಸೀಳು ಅರ್ಧ ಇಂಚು ಬಿಡಿಸಿ, ಹೊಸದಾಗಿ ಕತ್ತರಿಸಿ ಅಂಟಿಸಿದೆವು. ಈಗ ಎದುರಿನ ಬಸ್ ಸ್ಟಾಪಿನಿಂದಲೂ ‘ಕಾಫಿ’ ಅಂತಲೇ ಓದಬಹುದು.