ಊರಾಚೆ ಮನೆ, ಸಂಪಿನೊಳಗೊಂದು ಸರ್ವೆ ಕೋಲು

ಬೆಂಗಳೂರಿನ ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತಿತ್ತು. ನೆಲದಡಿಯ ನೀರಿನ ತೊಟ್ಟಿ, ಅಂದರೆ ಸಂಪು, ತುಂಬಿತೋ ಇಲ್ಲವೋ ಅಂತ ಯಾರೂ ನೋಡುತ್ತಿರಲಿಲ್ಲ. ಕನಕಪುರ ರಸ್ತೆಯಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೋ ನಿಲ್ದಾಣ ದಾಟಿ, ಒಳಗಿನ ಲೇಔಟ್‌ನಲ್ಲಿ ಸ್ವಂತ ಮನೆ ಮಾಡಿಕೊಂಡು ಬಂದ ಮೇಲೆ ನಮ್ಮ ಮನೆಯ ಜಲಮಂಡಳಿ ನಾನೇ ಆಗಿದ್ದೇನೆ.

ಹೊರಡುವಾಗ ಎಲ್ಲರೂ ಹೆದರಿಸಿದ್ದು ಬೇರೆ ವಿಷಯಕ್ಕೆ. ಕಳ್ಳರ ಕಾಟ, ಆಫೀಸು ದೂರ, ಅಂತೆಲ್ಲ. ದೂರದ ಚಿಂತೆ ಅರ್ಧ ಕಳೆದದ್ದು ಮೆಟ್ರೋದಿಂದ. 2021ರ ಜನವರಿಯಿಂದ ಹಸಿರು ಮಾರ್ಗ ಇಲ್ಲಿಯವರೆಗೆ ಬಂದಿದೆ, ನಮ್ಮವರು ಒಂದೇ ರೈಲಿನಲ್ಲಿ ಮಲ್ಲೇಶ್ವರ ತಲುಪುತ್ತಾರೆ. ನಿಲ್ದಾಣದಿಂದ ಮನೆವರೆಗಿನ ಕೊನೆಯ ದಾರಿಯದ್ದೇ ತಕರಾರು. "ವಾಪಸ್ ಖಾಲಿ ಬರ್ಬೇಕು ಸಾರ್" ಅಂತ ಆಟೋದವರು ಒಳಗೆ ಬರುವುದಿಲ್ಲ. ಸ್ಕೂಟರನ್ನು ನಿಲ್ದಾಣದ ಹತ್ತಿರ ನಿಲ್ಲಿಸಿ ಹೋಗುವುದು ಅಭ್ಯಾಸ ಆಗಿಬಿಟ್ಟಿದೆ.

ನೀರಿನ ಕಥೆ ಹಾಗಲ್ಲ. ಕಾವೇರಿ ನೀರಿನ 5ನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ನಮ್ಮ ಲೇಔಟ್ ಅದರಾಚೆ. ಹಾಗಾಗಿ ನಮಗಿರುವುದು ಲೇಔಟ್‌ನ ಬೋರ್‌ವೆಲ್, ಅದು ಕೈಕೊಟ್ಟಾಗ ಟ್ಯಾಂಕರ್. ಬೇಸಿಗೆಯಲ್ಲಿ ಬರೀ ಟ್ಯಾಂಕರ್ ಅಂದರೂ ಸರಿ.

ನಾನು ಮಾಡಿದ ಮೊದಲ ಕೆಲಸ ಸಂಪನ್ನು ಅಳೆದದ್ದು. ನಮ್ಮದು ಒಳಗೆ 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ಒಂದು ಅಡಿ ನೀರು ಸುಮಾರು 1,360 ಲೀಟರ್, ಒಂದು ಇಂಚು 113 ಲೀಟರ್. ಮನೆ ಕಟ್ಟುವಾಗ ಉಳಿದಿದ್ದ ಒಂದು ಸರ್ವೆ ಮರದ ಕೋಲಿಗೆ ಇಂಚು ಇಂಚಿಗೂ ಗೆರೆ ಕೊರೆದೆ. ಪಿವಿಸಿ ಪೈಪ್ ಬೇಡ, ಒದ್ದೆಯ ಗುರುತು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಒಣಗಿದ ಮರದ ಕೋಲಿನಲ್ಲಾದರೆ ನೀರು ಎಲ್ಲಿಯವರೆಗೆ ಇತ್ತು ಅಂತ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಈ ಕೋಲಿಂದ ಎಷ್ಟು ಉಪಯೋಗ ಅಂತೀರಾ! 6,000 ಲೀಟರ್ ಟ್ಯಾಂಕರ್ ಬಂದರೆ ನಮ್ಮ ಸಂಪಿನಲ್ಲಿ ನಾಲ್ಕು ಅಡಿ ಐದು ಇಂಚು ಏರಬೇಕು. ಒಂದು ಸಲ ನಾಲ್ಕು ಅಡಿಯೂ ಏರಲಿಲ್ಲ. ಡ್ರೈವರ್‌ಗೆ ಕೋಲು ತೋರಿಸಿದೆ. "ದಾರೀಲಿ ಸ್ವಲ್ಪ ಚೆಲ್ಲಿರುತ್ತೆ ಅಕ್ಕ" ಅಂದ. ಆರು ನೂರು ಲೀಟರ್ ಚೆಲ್ಲಿದರೆ ರಸ್ತೆಯಲ್ಲಿ ಕೆರೆಯೇ ಆಗಿರಬೇಕಿತ್ತು ಅಂದೆ. ನಕ್ಕ, ನೂರು ರೂಪಾಯಿ ಬಿಟ್ಟ. ಆಮೇಲೆ ಅವನು ಬಂದಾಗಲೆಲ್ಲ ಅಳತೆ ಸರಿಯಾಗಿಯೇ ಇರುತ್ತದೆ. 2024ರ ಬರದ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 6,000 ಲೀಟರ್‌ಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ, ಹತ್ತರವರೆಗೆ 750 ಅಂತ ದರ ಕಟ್ಟಿತ್ತು, ಜಿಎಸ್‌ಟಿ ಬೇರೆ. ಏಪ್ರಿಲ್‌ನಲ್ಲಿ ಆ ದರ ಹೇಳಿ ಫೋನ್ ಮಾಡಿ ನೋಡಿ, ಆ ಕಡೆ ಸುಮ್ನೆ ಕಟ್ ಮಾಡುತ್ತಾರೆ. ಅದಕ್ಕೇ ನಮ್ಮ ಬೀದಿಯ ಐದಾರು ಮನೆಯವರು ಫೆಬ್ರವರಿಯಲ್ಲೇ ಒಬ್ಬರ ಹತ್ತಿರ ಮಾತಾಡಿಕೊಂಡು ಬೇಸಿಗೆ ಪೂರ್ತಿ ಒಂದೇ ದರ ಮಾಡಿಕೊಳ್ಳುತ್ತೇವೆ.

ಖರ್ಚಿನ ಲೆಕ್ಕವೂ ಕೋಲಿನಲ್ಲೇ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಲೆಕ್ಕ. ನಾಲ್ಕು ಜನಕ್ಕೆ 540 ಲೀಟರ್, ಅಂದರೆ ದಿನಕ್ಕೆ ಐದು ಇಂಚಿಗಿಂತ ಸ್ವಲ್ಪ ಕಡಿಮೆ ಇಳಿಯಬೇಕು. ಹಾಗೇ ಆದರೆ ಒಂದು ಟ್ಯಾಂಕರ್ ಹತ್ತು ಹನ್ನೊಂದು ದಿನ ಬರುತ್ತದೆ. ಮೋಟಾರ್ ಹಾಕದ ರಾತ್ರಿಯಲ್ಲೂ ಇಳಿದಿದ್ದರೆ ಸಂಪೇ ಸೋರುತ್ತಿದೆ ಅಂತ ಅರ್ಥ.

ಒಂದು ಮಾತು. ಸಂಪಿನ ಮುಚ್ಚಳಕ್ಕೆ ಬೀಗ ಇರಲೇಬೇಕು, ಮಕ್ಕಳಿರುವ ಬೀದಿ. ತೊಳೆಯಲು ಯಾರನ್ನಾದರೂ ಇಳಿಸುವುದಿದ್ದರೆ ತುಂಬಾ ಹೊತ್ತು ತೆರೆದಿಟ್ಟು ಗಾಳಿಯಾಡಿಸಿ, ಮೇಲೆ ಒಬ್ಬರು ನಿಂತಿರಬೇಕು. ಒಬ್ಬಂಟಿಯಾಗಿ ಯಾರನ್ನೂ ಇಳಿಸಬೇಡಿ.

ಇನ್ನು ನೀರಿನ ಗುಣ. ಅದನ್ನು ಮೊದಲು ಕಂಡುಹಿಡಿದಿದ್ದು ನಮ್ಮ ಅತ್ತೆ. "ಈ ನೀರಲ್ಲಿ ಬೇಳೆ ಬೇಯಲ್ಲ ಕಣೇ" ಅಂದರು. ನಿಜ, ಗಡಸು ನೀರಿನ ಸುಣ್ಣದ ಅಂಶಕ್ಕೆ ತೊಗರಿಬೇಳೆ ಮೆತ್ತಗಾಗುವುದಿಲ್ಲ. ಬಕೆಟ್‌ಗೆ ಬಿಳಿ ಪೊರೆ, ಗೀಸರ್ ಒಳಗೆ ಸುಣ್ಣದ ಗಟ್ಟಿ. ಆರ್‌ಒ ಮಾರುವವರು ಒಂದು ಟಿಡಿಎಸ್ ಮೀಟರ್ ಅದ್ದಿ ಹೆದರಿಸಿ ಹೋಗುತ್ತಾರೆ. ಆ ಮೀಟರ್ ಕರಗಿರುವ ಒಟ್ಟು ಲವಣ ಎಷ್ಟು ಅಂತ ಅಂದಾಜು ಹೇಳುತ್ತದೆ ಅಷ್ಟೇ. ನೈಟ್ರೇಟ್ ಇದೆಯಾ, ಕ್ರಿಮಿ ಇದೆಯಾ ಹೇಳುವುದಿಲ್ಲ. ಒಳಚರಂಡಿ ಇಲ್ಲದ, ಮನೆಗೊಂದು ಪಿಟ್ ಇರುವ ನಮ್ಮಂಥ ಕಡೆ ಇವೆರಡೇ ಮುಖ್ಯ. ನಾನು ಲ್ಯಾಬ್‌ಗೆ ಕೊಟ್ಟು ಬರೆಸಿಕೊಂಡೆ. ಕುಡಿಯುವ ನೀರಿಗೆ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಕುದಿಸಿದರೂ ಹೋಗುವುದಿಲ್ಲ, ಆರ್‌ಒ ಬೇಕೇ ಬೇಕು. ನಮ್ಮದು ಗಡಸು ಮಾತ್ರ ಜಾಸ್ತಿ ಇತ್ತು. ಅಡುಗೆಗೆ, ಕುಡಿಯಲು ಊರ ಶುದ್ಧ ನೀರಿನ ಘಟಕದಿಂದ ಕ್ಯಾನ್‌ನಲ್ಲಿ ತರುತ್ತೇವೆ.

ಆದರೆ ಬೇಳೆಗೆ ಮಳೆನೀರಿನಷ್ಟು ಚೆನ್ನಾಗಿ ಯಾವುದೂ ಇಲ್ಲ. ನಮ್ಮ ತಾರಸಿ 900 ಚದರಡಿ. ಒಂದು ಇಂಚು ಮಳೆ ಬಿದ್ದರೆ ಸುಮಾರು 2,100 ಲೀಟರ್. ಮೊದಲ ನೀರು ಧೂಳು, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಬರುತ್ತದೆ, ಅದನ್ನು ಹೊರಗೆ ಬಿಡಬೇಕು. ಉಳಿದದ್ದು ಜಲ್ಲಿ, ಮರಳು, ಇದ್ದಿಲಿನ ಡ್ರಮ್ ದಾಟಿ ಸಂಪಿಗೆ ಇಳಿದರೆ ಕೋಲಿನಲ್ಲಿ ಒಂದೂಕಾಲು ಅಡಿ ಏರುತ್ತದೆ. ಕುಡಿಯುವುದಾದರೆ ಕುದಿಸಿ. ಬೆಂಗಳೂರಿನ ಸುತ್ತ ವರ್ಷಕ್ಕೆ 970 ಮಿಲಿಮೀಟರ್ ಹತ್ತಿರ ಮಳೆ, ಅದರಲ್ಲಿ ಜಾಸ್ತಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಕಷ್ಟ ಏನೆಂದರೆ ಟ್ಯಾಂಕರ್ ತರಿಸಿ ಸಂಪು ತುಂಬಿದ ಸಂಜೆಯೇ ಮಳೆ ಹೊಡೆಯುತ್ತದೆ, ಎಲ್ಲಾ ಮೋರಿ ಪಾಲು. ಹಾಗಾಗಿ ಮಳೆಗಾಲದಲ್ಲಿ ನೀರು ಒಂದು ಅಡಿಗಿಂತ ಕೆಳಗೆ ಹೋಗುವವರೆಗೆ ನಾನು ಟ್ಯಾಂಕರ್‌ಗೆ ಫೋನ್ ಮಾಡುವುದಿಲ್ಲ. ಅತ್ತೆಗೆ ಈ ಧೈರ್ಯ ಇಷ್ಟವಿಲ್ಲ.

ಗಾಳಿ ಮಳೆಗೆ ಕರೆಂಟ್ ಹೋಗುವುದು ಮಾಮೂಲು. ಯುಪಿಎಸ್‌ನಲ್ಲಿ ಫ್ಯಾನ್, ದೀಪ ನಡೆಯುತ್ತವೆ, ಮೋಟಾರ್ ನಡೆಯುವುದಿಲ್ಲ. ಮೋಡ ಕಟ್ಟಿದರೆ ಮೊದಲು ಮೇಲಿನ ಟ್ಯಾಂಕ್ ತುಂಬಿಸುತ್ತೇನೆ, ಆಮೇಲೆ ಬಟ್ಟೆ ಎತ್ತುತ್ತೇನೆ. ಬೆಸ್ಕಾಂನ 1912ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ, ಎರಡನೇ ಸಲ ಫೋನ್ ಮಾಡುವಾಗ ಬೇಕಾಗುತ್ತದೆ.

ಪಕ್ಕದ ಖಾಲಿ ಸೈಟಿನ ಹಾವಿನ ಬಗ್ಗೆ ಕೇಳುವವರು ಜಾಸ್ತಿ. ಬರುತ್ತವೆ. ಹೆಚ್ಚಾಗಿ ಕೇರೆ ಹಾವು, ಇಲಿ ಹಿಡಿಯಲು. ಆದರೆ ಕೊಳಕುಮಂಡಲವೂ ಈ ಕಡೆ ಇದೆ. ರಾತ್ರಿ ಟಾರ್ಚ್ ಇಲ್ಲದೆ ಗೇಟಿನಾಚೆ ಕಾಲಿಡುವುದಿಲ್ಲ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಹಾವಿನ ವಿಷದ ಔಷಧ ಇರುತ್ತದೆ ಅಂತ ವಿಚಾರಿಸಿ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇವೆ.