ಸಂಪು ಸೋರುತ್ತಿದೆಯೇ? ಮೊದಲು ಜಾಗ ಹಿಡಿಯಿರಿ, ಆಮೇಲೆ ಗಾರೆ ಕಲಸಿ

ಸಂಪಿನಲ್ಲಿ ನೀರು ನಿಲ್ಲುತ್ತಿಲ್ಲ ಎಂದ ಕೂಡಲೇ ಮೇಸ್ತ್ರಿಯನ್ನು ಕರೆಸಿ ಒಳಗೆಲ್ಲ ಹೊಸ ಗಾರೆ ಹಾಕಿಸುವವರು ಮೈಸೂರಿನಲ್ಲೂ ಮಂಡ್ಯದಲ್ಲೂ ಬೇಕಾದಷ್ಟು ಜನ. ಸೋರುವುದು ಪೈಪಿನ ಬುಡದಲ್ಲಾದರೆ ಆ ದುಡ್ಡೆಲ್ಲ ದಂಡ. ಜಾಗ ಗೊತ್ತಾಗುವವರೆಗೆ ಉಳಿ ಮುಟ್ಟಬೇಡಿ.

ಮೊದಲು ಪೈಪಿನ ಅನುಮಾನ ಕಳೆದುಕೊಳ್ಳಿ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಸಂಪಿನ ಬಾಯಿಯ ವಾಲ್ವನ್ನೂ ನೇರ ನಲ್ಲಿಗಳನ್ನೂ ಮುಚ್ಚಿ ಮೀಟರ್ ನೋಡಿ. ಆಗಲೂ ತಿರುಗುತ್ತಿದ್ದರೆ ತೂತು ನೆಲದಡಿಯ ಪೈಪಿನಲ್ಲೂ ಇದೆ.

ಮೇಲಿನ ಟ್ಯಾಂಕ್ ತುಂಬಿಸಿಕೊಂಡು, ಓವರ್‌ಫ್ಲೋ ಪೈಪಿಗಿಂತ ತುಸು ಕೆಳಗಿನವರೆಗೆ ಸಂಪು ತುಂಬಿಸಿ ಮೋಟಾರ್ ನಿಲ್ಲಿಸಿ. ಮೀಟರ್ ಬಳಿಯ ಗೇಟ್ ವಾಲ್ವ್ ಬಿಗಿಯಾಗಿ ಮುಚ್ಚಿ. ಸಂಪು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವನ್ನು ನಂಬಬೇಡಿ, ಅದು ಹನಿ ಹನಿ ಒಳಗೆ ಬಿಟ್ಟು ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಹೊಸ ಗಾರೆ ತಾನೇ ನೀರು ಕುಡಿಯುವುದರಿಂದ ಎರಡು–ಮೂರು ದಿನ ತುಂಬಿಟ್ಟು ಆಮೇಲೆ ಅಳೆಯಿರಿ.

ಜನ ಎಡವುವುದು ಅಳತೆಯಲ್ಲಿ. ಒಂದು ರಾತ್ರಿ ನೋಡಿ 'ಇಳಿದಿದೆ' ಎಂದರೆ ಏನೂ ತಿಳಿದಂತಾಗಲಿಲ್ಲ. ಮುಚ್ಚಳದ ಚೌಕಟ್ಟಿನ ಒಂದೇ ಗುರುತಿನಿಂದ ನೀರಿನ ಮಟ್ಟದವರೆಗೆ ಸ್ಟೀಲ್ ಟೇಪ್ ಇಳಿಬಿಟ್ಟು ಆರಾರು ಗಂಟೆಗೊಮ್ಮೆ ಬರೆದಿಡಿ. 6×6 ಅಡಿ ಸಂಪಿನಲ್ಲಿ ಒಂದು ಇಂಚು ಇಳಿದರೆ ಸುಮಾರು 85 ಲೀಟರ್ ಹೋಯಿತೆಂದು ಲೆಕ್ಕ. ನೀರು ತೂತಿನ ಮಟ್ಟ ಸಮೀಪಿಸಿದಂತೆ ಒತ್ತಡ ಕುಗ್ಗಿ ಇಳಿತ ನಿಧಾನವಾಗುತ್ತದೆ. ಸೋರಿಕೆ ನಿಂತಿತೆಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ, ತಪ್ಪು. ಪೂರ್ತಿ ನಿಲ್ಲುವವರೆಗೆ ಕಾಯಿರಿ. ನಿಂತ ಗೆರೆಯ ಆಸುಪಾಸಿನಲ್ಲೇ ಬಿರುಕಿರುತ್ತದೆ. ಒಂದು ಮಟ್ಟದಲ್ಲಿ ವೇಗ ಥಟ್ಟನೆ ಕಡಿಮೆಯಾಗಿ ಮತ್ತೆ ಇಳಿಯುತ್ತಲೇ ಹೋದರೆ ಸೋರುವ ಜಾಗ ಎರಡು. ತಳದವರೆಗೂ ಇಳಿದರೆ ಗೋಡೆ–ನೆಲ ಕೂಡುವ ಮೂಲೆಯನ್ನು ಮೊದಲು ನೋಡಿ.

ನಾಲೆ ಬಯಲಿನ ಮನೆಯವರಿಗೆ ಒಂದು ಮಾತು. ನಾಲೆಗೆ ನೀರು ಬಿಟ್ಟಾಗ ಅಂತರ್ಜಲ ಮೇಲೇರಿದ್ದರೆ ಹೊರಗಿನ ನೀರೇ ಒಳಗೆ ಜಿನುಗಿ ಅಳತೆ ಸುಳ್ಳಾಗುತ್ತದೆ, ಖಾಲಿ ಸಂಪಿನ ತಳ ಒತ್ತಡಕ್ಕೆ ಬಿರಿಯಲೂಬಹುದು. ನಾಲೆ ನಿಂತಾಗ ಪರೀಕ್ಷಿಸಿ. ಹತ್ತಿರದಲ್ಲಿ ಒಳಚರಂಡಿ ಇದ್ದರಂತೂ ಅದೇ ಬಿರುಕಿನಿಂದ ಕೊಳಚೆ ಒಳಬರಬಹುದು, ನೀವು ಕುಡಿಯುವುದು ಅದನ್ನೇ.

ಇನ್ನು ಸಂಪು ಖಾಲಿ ಮಾಡಿ. ಒಳಗಿಳಿಯುವ ಮುನ್ನ ಮುಚ್ಚಳ ಗಂಟೆಗಟ್ಟಲೆ ತೆರೆದಿಟ್ಟು ಫ್ಯಾನಿನಿಂದ ಗಾಳಿ ಹೊಡೆಸಿ, ಮೋಟಾರಿನ ಮೇನ್ ಸ್ವಿಚ್ ತೆಗೆಯಿರಿ, ಮೇಲೊಬ್ಬರು ನಿಂತೇ ಇರಲಿ, ಬೆಳಕಿಗೆ ಬ್ಯಾಟರಿ ಟಾರ್ಚ್ ಮಾತ್ರ. ಪೆಟ್ರೋಲ್ ಪಂಪನ್ನು ಸಂಪಿನ ಬಾಯಿ ಹತ್ತಿರ ಇಡಲೇಬೇಡಿ, ಅದರ ಹೊಗೆ ಒಳಗಿರುವವರ ಪ್ರಾಣ ತೆಗೆಯುತ್ತದೆ. ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ. ಒಳಗಿದ್ದವರು ಬಿದ್ದರೆ ಮೇಲಿದ್ದವರು ಇಳಿಯಬಾರದು, ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು.

ನೀರು ನಿಂತ ಗೆರೆಯ ಸುತ್ತ ಒಂದಡಿ ಅಗಲಕ್ಕೆ ಪಾಚಿ ಉಜ್ಜಿ ಒಣಬಟ್ಟೆಯಿಂದ ಒರೆಸಿ, ಒಣ ಸಿಮೆಂಟ್ ಪುಡಿ ತೆಳ್ಳಗೆ ಸವರಿ. ಹೊರಗಿನ ಒದ್ದೆ ಮಣ್ಣಿನ ನೀರು ಬಿರುಕಿನಿಂದ ವಾಪಸು ಜಿನುಗಿ, ಅಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಮೊದಲು ಮೂಡುತ್ತದೆ. ಪೈಪ್ ಗೋಡೆ ದಾಟುವ ಜಾಗವನ್ನು ಮರೆಯಬೇಡಿ. ನುಣುಪಾದ ಪಿವಿಸಿಗೆ ಸಿಮೆಂಟ್ ಹಿಡಿಯುವುದಿಲ್ಲ, ಸುತ್ತಲೂ ಸಂದು ಬಿಡುತ್ತದೆ.

ಬಿಳಿ ಸಿಮೆಂಟು, ಎಪಾಕ್ಸಿ ಪುಟ್ಟಿ ಮೆತ್ತಿ ಮುಗಿಸಬೇಡಿ. ಬಿರುಕನ್ನು ಒಂದು ಇಂಚು ಆಳ ಕೆತ್ತಿ, ತೊಳೆದು, ಒದ್ದೆಯಿರುವಾಗಲೇ ನಾನ್-ಶ್ರಿಂಕ್ ಗ್ರೌಟ್ (ಗಟ್ಟಿಯಾಗುವಾಗ ಕುಗ್ಗದ ಸಿಮೆಂಟ್ ಗಾರೆ) ತುಂಬಿ. ಪೈಪನ್ನು ಮರಳು ಕಾಗದದಿಂದ ಉಜ್ಜಿ, ಪಿವಿಸಿ ಅಂಟು ಸವರಿ, ಅದು ಹಸಿಯಿರುವಾಗಲೇ ಒಣ ಮರಳು ಉದುರಿಸಿ, ಅಂಟು ಗಟ್ಟಿಯಾದ ಮೇಲೆ ಸುತ್ತ ಗ್ರೌಟ್ ಒತ್ತಿ. ಮೇಲೆ ಬಳಿಯುವುದಾದರೆ ಡಬ್ಬಿಯ ಮೇಲೆ ಕುಡಿಯುವ ನೀರಿನ ಟ್ಯಾಂಕಿಗೆ ಯೋಗ್ಯ ಎಂದು ಬರೆದಿರುವುದನ್ನೇ ಕೊಳ್ಳಿ. ಏಳು ದಿನ ಒದ್ದೆಯಾಗಿಟ್ಟು, ತೊಳೆದು ತುಂಬಿಸಿ, ಮತ್ತೆ ಅದೇ ಟೇಪಿನಿಂದ ಅಳೆಯಿರಿ.