ಹಳೆಯ ಹಾರರ್ ಕಾಮಿಕ್ಸ್ ಮುಖಪುಟ: ಕರಾವಳಿಯ ಗೋಡೆಗೆ ಫ್ರೇಮ್ ಹಾಕುವ ಕ್ರಮ

ಮಂಗಳೂರು, ಉಡುಪಿ ಕಡೆ ಗೋಡೆಗೆ ಹಾಕಿದ ಚಿತ್ರವನ್ನು ಹಾಳುಮಾಡುವುದು ಬಿಸಿಲಿಗಿಂತ ಹೆಚ್ಚಾಗಿ ತೇವ. ಹಾರರ್ ಮುಖಪುಟಗಳಲ್ಲಿ ಕಪ್ಪು ಬಣ್ಣವೇ ಜಾಸ್ತಿ. ಬೂಸ್ಟು ಒಂದು ಚುಕ್ಕೆ ಎದ್ದರೂ ಎದ್ದು ಕಾಣುತ್ತದೆ. ಆದ್ದರಿಂದ ಪತ್ತನಾಜೆಗೆ (ಮೇ ಕೊನೆಯ ವಾರದ ತುಳುನಾಡ ಆಚರಣೆ) ಮೊದಲೇ, ಸಾಧ್ಯವಾದರೆ ಜನವರಿ–ಫೆಬ್ರವರಿಯಲ್ಲೇ ಫ್ರೇಮ್ ಕೆಲಸ ಮುಗಿಸಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮುಚ್ಚಿದ ಫ್ರೇಮಿನೊಳಗೆ ಮಳೆಗಾಲದ ಪಸೆಯೂ ಸೇರಿಕೊಳ್ಳುತ್ತದೆ. ಮಳೆಯಲ್ಲೇ ಮಾಡಬೇಕಾಗಿ ಬಂದರೆ ಪ್ರಿಂಟ್, ಮೌಂಟ್ (ಚಿತ್ರದ ಸುತ್ತ ಕೂರುವ, ನಡುವೆ ಕಿಟಕಿ ಕೊಯ್ದ ದಪ್ಪ ರಟ್ಟು), ಹಿಂಬದಿ ಹಲಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಸಿ ಕೋಣೆಯಲ್ಲಿ 24 ಗಂಟೆ ಇಟ್ಟು, ಅಲ್ಲೇ ಜೋಡಿಸಿ.

1954ರ ಕಾಮಿಕ್ಸ್ ಕೋಡ್ (ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಾವಳಿ) ಅಮೆರಿಕದಲ್ಲಿ ಪತ್ರಿಕೆಯ ಹೆಸರಿನಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳನ್ನೇ ನಿಷೇಧಿಸಿತು. ಸಂಗ್ರಾಹಕರಿಗೆ ಬೇಕಾದದ್ದು ಅದಕ್ಕೂ ಹಿಂದಿನವು. ಆ ಕಾಲದ ಹಾರರ್ ಪ್ರಕಾಶಕ ಸಂಸ್ಥೆ ಇಸಿ ಕಾಮಿಕ್ಸ್‌ನಂಥವುಗಳಿಗೆ ಇಂದಿಗೂ ಹಕ್ಕುದಾರರಿದ್ದಾರೆ, ಅಧಿಕೃತ ಪ್ರಿಂಟನ್ನೇ ಕೊಳ್ಳಿ. ಹಕ್ಕು ನವೀಕರಿಸದೆ ಬಿಟ್ಟುಹೋದ ಮುಖಪುಟಗಳನ್ನು ಮಾತ್ರ ನೀವೇ ಸ್ಕ್ಯಾನ್ ಮಾಡಿ ಮುದ್ರಿಸಿಕೊಳ್ಳಬಹುದು. ಮೂಲ ಪುಸ್ತಕವನ್ನು ಮಾತ್ರ ದಯವಿಟ್ಟು ಗೋಡೆಗೇರಿಸಬೇಡಿ. ಅದರ ಒಳಪುಟದ ಅಗ್ಗದ ಕಾಗದ ಬೆಳಕು ತಾಗಿದಷ್ಟೂ ಪುಡಿಯಾಗುತ್ತದೆ.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಪಿಕ್ಸೆಲ್) ಇರಲಿ. ಆ ಕಾಲದ ಮುಖಪುಟ ಸುಮಾರು 7¼ ಇಂಚು ಅಗಲ, 10¼ ಇಂಚು ಎತ್ತರ. ಅಂದರೆ 4350×6150 ಪಿಕ್ಸೆಲ್ ಸಿಗುತ್ತದೆ, ಎ3 ಪ್ರಿಂಟಿಗೆ ಧಾರಾಳ. ಬಣ್ಣದ ಸಣ್ಣ ಚುಕ್ಕೆಗಳನ್ನು ಸಾಫ್ಟ್‌ವೇರಿನಲ್ಲಿ ಒರೆಸಿ ನುಣುಪು ಮಾಡುವವರಿದ್ದಾರೆ. ಮಾಡಬೇಡಿ, ಆ ಚುಕ್ಕೆಗಳೇ ಈ ಚಿತ್ರದ ಜೀವ. ಪರದೆಯಲ್ಲಿ ಅಲೆಅಲೆಯಾದ ಗೆರೆ ಕಂಡರೆ ಮೊದಲು ಶೇ. 100ಕ್ಕೆ ಹಿಗ್ಗಿಸಿ ನೋಡಿ. ಅಲ್ಲಿ ಕಾಣದಿದ್ದರೆ ದೋಷ ಸ್ಕ್ಯಾನಿನದ್ದಲ್ಲ.

ಮುದ್ರಣಕ್ಕೆ ಪಿಗ್ಮೆಂಟ್ ಇಂಕ್, 200 ಜಿಎಸ್‌ಎಂಗೆ ಕಡಿಮೆಯಿಲ್ಲದ ಮ್ಯಾಟ್ ಕಾಗದ ಕೇಳಿ. ಪೂರ್ತಿ ಹಾಳೆಗೆ ಮೊದಲು ಅತಿ ಕತ್ತಲಿನ ಭಾಗದ 4 ಇಂಚಿನ ಪಟ್ಟಿಯೊಂದನ್ನು ತೆಗೆಸಿ. ಸ್ಮಶಾನದ ನೆರಳಿನ ಗೆರೆಗಳೆಲ್ಲ ಒಂದೇ ಮಸಿಯಾಗಿ ಕೂಡಿಕೊಂಡಿದ್ದರೆ ನೆರಳನ್ನಷ್ಟೇ ತುಸು ತಿಳಿ ಮಾಡಿಸಿ, ಇಡೀ ಚಿತ್ರವನ್ನಲ್ಲ. ಲ್ಯಾಮಿನೇಶನ್ ಬೇಡವೇ ಬೇಡ. ಅಂಚಿನಿಂದ ತೇವ ನುಗ್ಗಿ ಗುಳ್ಳೆ ಏಳುತ್ತದೆ.

ಅಳತೆ ಹೀಗೆ: ಚಿತ್ರ 10½×14¾ ಇಂಚು, ಎ3 ಹಾಳೆಯ ನಡುವೆ. ಮೌಂಟಿನ ಕಿಟಕಿ 11×15¼. ಸುತ್ತ ಕಾಲು ಇಂಚು ಬಿಳಿ ಕಾಣಬೇಕು. ಅಂಗಡಿಯವರು ಸಾಮಾನ್ಯವಾಗಿ ಕಿಟಕಿಯನ್ನು ಚಿತ್ರಕ್ಕಿಂತ ಸಣ್ಣದು ಕೊಯ್ಯುತ್ತಾರೆ. ಆಗ ಮೂಲೆಯಲ್ಲಿರುವ 10 ಸೆಂಟ್ ಬೆಲೆಯೋ, ಹೆಸರಿನ ಅಕ್ಷರದ ತುದಿಯೋ ಮುಚ್ಚಿಹೋಗುತ್ತದೆ. ಮೌಂಟಿನ ಅಂಚು ಮೂರು ಬದಿ 2 ಇಂಚು, ಕೆಳಗೆ 2½. ಹೊರ ಅಳತೆ 15×19¾ ಆಯಿತು. ಗಾಜು, ಮೌಂಟ್ ಕೂರುವ ಫ್ರೇಮಿನ ಒಳಜಾಗ ಎರಡೂ ಕಡೆ ⅛ ಇಂಚು ಹೆಚ್ಚಿರಲಿ, ಮಳೆಗೆ ಮೌಂಟ್ ಹಿಗ್ಗಿದಾಗ ಉಬ್ಬದಂತೆ. ಆಳ ಕನಿಷ್ಠ 10 ಮಿ.ಮೀ.: 2 ಮಿ.ಮೀ. ಗಾಜು, ಆಸಿಡ್-ಫ್ರೀ ಮೌಂಟ್ ಬೋರ್ಡ್ ಎರಡು ಪದರ (ಮುಂದೆ ಕಿಟಕಿಯದ್ದು, ಹಿಂದೆ ಪ್ರಿಂಟ್ ಕೂರುವುದು), ಹಿಂದೆ 3 ಮಿ.ಮೀ. ಪ್ಲಾಸ್ಟಿಕ್ ಫೋಮಿನ ಸನ್‌ಬೋರ್ಡ್. ಹಾರ್ಡ್‌ಬೋರ್ಡ್ ತೇವ ಹೀರಿ ಬಾಗುತ್ತದೆ, ಗೆದ್ದಲಿಗೂ ಇಷ್ಟ. ಮುಂದಿನ ಮೌಂಟ್ ಹಾಕದಿದ್ದರೆ ಪ್ರಿಂಟ್ ನೇರ ಗಾಜಿಗೆ ತಾಗಿ ಅಂಟಿಕೊಳ್ಳುತ್ತದೆ. ಬಿಡಿಸುವಾಗ ಬಣ್ಣ ಗಾಜಿನಲ್ಲೇ ಉಳಿಯುತ್ತದೆ.

ಪ್ರಿಂಟನ್ನು ಹಿಂದಿನ ಮೌಂಟ್ ಬೋರ್ಡಿಗೆ ಫೋಟೊ ಕಾರ್ನರ್‌ಗಳಲ್ಲಿ ಕೂರಿಸಿ, ಅಂಟು ಹಚ್ಚಬೇಡಿ. ಮೈದಾ ಗೋಂದಿಗೆ ಸಿಲ್ವರ್‌ಫಿಶ್ ಹುಳ ಬರುತ್ತದೆ. ಸೆಲ್ಲೋಟೇಪಿನ ಅಂಟು ಕರಗಿ ಹಳದಿ ಕಲೆಯಾಗಿ ಮೇಲೇಳುತ್ತದೆ. ಹಿಂಬದಿಯ ಸಂದಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಗೋಂದಿನ ಕಂದು ಟೇಪು ಮೊದಲ ಮಳೆಗೇ ಬಿಟ್ಟುಕೊಳ್ಳುತ್ತದೆ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಮೊಳೆ ಹೊಡೆದರೆ ಕಲ್ಲು ಪುಡಿ ಉದುರಿ ಸಡಿಲವಾಗುತ್ತದೆ. ಡ್ರಿಲ್ಲಿನಲ್ಲಿ 8 ಮಿ.ಮೀ. ತೂತು ಕೊರೆದು, ಪುಡಿ ಊದಿ ತೆಗೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ, 50 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಗೋಡೆಯ ಮೇಲೆ ಇಳಿಯುತ್ತದೆ. ಮಳೆ ನೇರ ಬಡಿಯುವ ಪಡುಗೋಡೆ ಬೇಡ, ಮನೆಯೊಳಗಿನ ಅಡ್ಡಗೋಡೆ ಒಳ್ಳೆಯದು. ಫ್ರೇಮಿನ ಹಿಂದೆ ನಾಲ್ಕೂ ಮೂಲೆಗೆ ದಪ್ಪ ರಬ್ಬರ್ ಬಿಲ್ಲೆ ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲಿ.

ಜುಲೈಯಲ್ಲೊಮ್ಮೆ ಇಳಿಸಿ ನೋಡಿ. ಗಾಜಿನ ಒಳಮೈ ಮಂಜಾಗಿದ್ದರೆ ಅಂದೇ ಬಿಚ್ಚಿ, ಎಸಿ ಕೋಣೆಯಲ್ಲಿ ಒಂದು ದಿನ ಒಣಗಿಸಿ, ಅಲ್ಲೇ ಹೊಸ ಟೇಪ್ ಹಾಕಿ ಮುಚ್ಚಿ.